ಮದುವೆ ಮನೆ ಪ್ರಶ್ನೋತ್ತರ: ಅದ್ದೂರಿಗೂ ಒಂದು ಲೆಕ್ಕ ಬೇಕು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸ್ಟೇಜ್, ಹೂವು, ಲೈಟಿಂಗ್ ಬಗ್ಗೆಯೇ ಇದ್ದವು. ಆದರೆ ಸಮಾರಂಭ ಕಳೆಗುಂದುವುದು ಹೆಚ್ಚಾಗಿ ಸಮಯ ತಪ್ಪಿದಾಗ. ಹಾಗಾಗಿ ಗಡಿಯಾರದ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಗಳ ಆರತಕ್ಷತೆಗೆ ಸಾವಿರ ಜನ ಬರುವ ಅಂದಾಜಿದೆ. ಊಟದ ಹಾಲ್‌ನಲ್ಲಿ ಪಂಕ್ತಿಗೆ 250 ಎಲೆ. ಮಗನ ಮದುವೆಯಲ್ಲಿ ಸ್ಟೇಜ್ ಮುಂದಿನ ಸಾಲು ಕರಗಲೇ ಇಲ್ಲ. ಎಷ್ಟೋ ಜನ ದೂರದಿಂದಲೇ ಕೈಬೀಸಿ ಊಟಕ್ಕೆ ನಡೆದರು. ಈ ಸಲ ಸ್ಟೇಜ್ ಇನ್ನೂ ದೊಡ್ಡದು ಮಾಡಿಸಬೇಕೆ? – ಓದುಗರು, ತುಮಕೂರು

ಸ್ಟೇಜ್ ಇರುವಷ್ಟೇ ಇರಲಿ, ಮೆಟ್ಟಿಲು ಎರಡು ಕಡೆ ಮಾಡಿಸಿ. ಸಾವಿರ ಜನರೆಂದರೆ ಗುಂಪಿಗೆ ಮೂವರಂತೆ ಸುಮಾರು 330 ಗುಂಪು. ಒಂದು ಗುಂಪು ಹತ್ತಿ, ಹಾರೈಸಿ, ಮುಯ್ಯಿ ಕೊಟ್ಟು, ಫೋಟೊಗೆ ನಿಂತು ಇಳಿಯಲು 30 ಸೆಕೆಂಡ್ ಆದರೆ ಒಟ್ಟು 2 ಗಂಟೆ 45 ನಿಮಿಷ. ಅದೇ 45 ಸೆಕೆಂಡ್ ಆದರೆ ನಾಲ್ಕು ಗಂಟೆ ದಾಟುತ್ತದೆ. ಹತ್ತಿದವರು ಅದೇ ಮೆಟ್ಟಿಲಲ್ಲಿ ವಾಪಸ್ ಇಳಿಯಬೇಕಾದಾಗ ಆಗುವುದು ಈ ಎರಡನೆಯದೇ. ಎಡಕ್ಕೆ ಹತ್ತಿ ಬಲಕ್ಕೆ ಇಳಿಯುವಂತೆ, ಐದು ಅಡಿ ಅಗಲದ, ಕೈಹಿಡಿ ಇರುವ ಮೆಟ್ಟಿಲು ಹಾಕಿಸಿ. ಮೆಟ್ಟಿಲ ಎತ್ತರ ಆರು ಇಂಚು ಮೀರಬಾರದು. ಅಜ್ಜಿಯೊಬ್ಬರು ಹತ್ತುವಷ್ಟರಲ್ಲಿ ಹಿಂದಿನ ಹತ್ತು ಗುಂಪು ನಿಂತಿರುತ್ತವೆ.

ಮುಯ್ಯಿಯ ಕವರ್, ಉಡುಗೊರೆ ತೆಗೆದುಕೊಳ್ಳಲು ಸ್ಟೇಜ್ ಕೆಳಗೆ, ಸಾಲಿನ ಕೊನೆಯಲ್ಲೇ, ಒಂದು ಮೇಜು ಹಾಕಿ ಮನೆಯ ಇಬ್ಬರನ್ನು ಕೂರಿಸಿ. ವಧೂವರರ ಕೈಗೇ ಕೊಡಬೇಕೆಂಬುವವರು ಕೊಡಲಿ, ಅದನ್ನು ತಡೆಯಲಾಗದು. ಮನೆಯವರ ಗ್ರೂಪ್ ಫೋಟೊ ಏಳು ಗಂಟೆಗೆ ಮೊದಲೇ ಮುಗಿಯಬೇಕು. ಸೋದರಮಾವನ ಕಡೆಯ ಹದಿನೆಂಟು ಜನ ಎಂಟೂವರೆಗೆ ಒಟ್ಟಿಗೆ ಹತ್ತಿದರೆ ಐದು ನಿಮಿಷ ಹೋಯಿತು.

ಇದೆಲ್ಲ ನಿಂತಿರುವುದು ಒಂದೇ ಒಂದು ಸಂಗತಿಯ ಮೇಲೆ: ಹುಡುಗಿ ಏಳಕ್ಕೆ ಸ್ಟೇಜ್ ಮೇಲಿರಬೇಕು. ತಲೆ, ಮೇಕಪ್, ಸೀರೆ ಅಥವಾ ಲೆಹೆಂಗಾ, ಒಡವೆ ಎಲ್ಲ ಸೇರಿ ಎರಡೂವರೆಯಿಂದ ಮೂರು ಗಂಟೆ ಬೇಕು. ಮನೆಯವರ ಫೋಟೊಗೆ ಅರ್ಧ ಗಂಟೆ ಬಿಟ್ಟರೆ ಮೂರೂವರೆಗೆ ಕೂರಬೇಕು. ಛತ್ರದವರು ಕೀಲಿ ಕೊಡುವುದು ಎಷ್ಟು ಗಂಟೆಗೆ ಅಂತ ಈಗಲೇ ಕೇಳಿ. ನಾಲ್ಕಕ್ಕೆ ಅಂದರೆ ಹತ್ತಿರದ ಹೋಟೆಲ್‌ನಲ್ಲಿ ಒಂದು ರೂಮು ಹಿಡಿಯುವುದು ಅನಿವಾರ್ಯ.

ಊಟದ ಲೆಕ್ಕವೂ ಹೀಗೆಯೇ. ಎಲೆ ಹಾಕಿ, ಬಡಿಸಿ, ಉಂಡು, ಎಲೆ ಎತ್ತಿ, ಮೇಜು ಒರೆಸುವ ಹೊತ್ತಿಗೆ ಪಂಕ್ತಿಗೆ 40ರಿಂದ 45 ನಿಮಿಷ. ಏಳೂವರೆಗೆ ಮೊದಲ ಪಂಕ್ತಿ ಕೂತರೆ ಹತ್ತೂವರೆಗೆ ನಾಲ್ಕು ಪಂಕ್ತಿ, ಅಂದರೆ ಸಾವಿರ ಜನ ಆಗುತ್ತದೆ. ಎಂಟೂವರೆಗೆ ಕೂತರೆ ಕೊನೆಯವರು ಏಳುವಾಗ ಹನ್ನೊಂದೂವರೆ. ಬಫೆ ಸೇರಿಸುವುದಾದರೆ ಎರಡೂ ಬದಿಯಿಂದ ಹಾಕಿಕೊಳ್ಳುವ ಎರಡು ಕೌಂಟರ್ ಇಡಿ, ನಿಮಿಷಕ್ಕೆ 12–15 ಜನ ಸಾಗುತ್ತಾರೆ. ಎಚ್ಚರ ಬೇಕಾದ್ದು ದೋಸೆ ಕೌಂಟರ್ ಬಗ್ಗೆ. ದೊಡ್ಡ ಕಾವಲಿಯಲ್ಲಿ ಒಮ್ಮೆಗೆ ಎಂಟು ಹತ್ತು ದೋಸೆ, ಒಂದು ಸುತ್ತಿಗೆ ನಾಲ್ಕು ನಿಮಿಷ. ಒಂದೇ ಕಾವಲಿ ಇದ್ದರೆ ಗಂಟೆಗೆ 130ರ ಆಸುಪಾಸು, ಅಷ್ಟೇ. ಸಾವಿರ ಜನರಲ್ಲಿ ಮುನ್ನೂರು ಜನ ದೋಸೆಗೆ ನಿಂತರೂ ಅಲ್ಲೊಂದು ಜಾತ್ರೆ. ಮೂರು ಕಾವಲಿ ಇಡಿ, ಇಲ್ಲವೇ ದೋಸೆಯನ್ನೇ ಬಿಡಿ.

ಪ್ರಶ್ನೆ: ಮಂಟಪವನ್ನು ಪೂರ್ತಿ ನಮ್ಮ ಕಡೆಯ ಹೂಗಳಲ್ಲೇ ಮಾಡಿಸುವ ಆಸೆ. ಡೆಕೊರೇಟರ್ ಆರ್ಕಿಡ್, ಕಾರ್ನೇಷನ್ ಇಲ್ಲದೆ ಲುಕ್ ಬರಲ್ಲ ಅನ್ನುತ್ತಾರೆ. ಎಷ್ಟು ಹೂವು ಬೇಕಾಗುತ್ತದೆ? – ಓದುಗರು, ಮಂಡ್ಯ

ಲುಕ್ ಬರುತ್ತದೆ. ಆರ್ಕಿಡ್ ಮೂರು ದಿನ ಬಾಡದು, ಒಂದು ಮಂಟಪದಿಂದ ಇನ್ನೊಂದಕ್ಕೂ ಹೋಗಬಲ್ಲದು. ಡೆಕೊರೇಟರ್‌ಗೆ ಅದು ಪ್ರಿಯವಾಗಲು ಅದೂ ಒಂದು ಕಾರಣ.

ಲೆಕ್ಕ ನೀವೇ ಹಾಕಬಹುದು. ಒಂಬತ್ತು ಅಡಿ ಎತ್ತರ, ಮೂರು ಅಡಿ ಸುತ್ತಳತೆಯ ಕಂಬ ಎಂದುಕೊಳ್ಳಿ. ಎರಡು ಇಂಚಿಗೊಂದು ಸುತ್ತು ಬಂದರೆ 54 ಸುತ್ತು, 162 ಅಡಿ. ಆರಡಿಗೆ ಒಂದು ಮಾರು ಎಂದು ಹಿಡಿದರೆ ಕಂಬಕ್ಕೆ 27 ಮಾರು, ನಾಲ್ಕು ಕಂಬಕ್ಕೆ 108. ಹಿಂಬದಿಯ 16 ಅಡಿ ಅಗಲಕ್ಕೆ ಅರ್ಧ ಅಡಿಗೊಂದರಂತೆ ಒಂಬತ್ತು ಅಡಿಯ ಎಳೆ ಇಳಿಬಿಟ್ಟರೆ 33 ಎಳೆ, ಅದು 50 ಮಾರು. ಮಾರುಕಟ್ಟೆಯ ಮಾರು ಮಾರುವವರ ತೋಳಿನ ಅಳತೆ, ಎಷ್ಟೋ ಸಲ ಐದಡಿಗೇ ನಿಲ್ಲುತ್ತದೆ. ಹಾಗಾಗಿ 158ಕ್ಕೆ ಕಾಲುಭಾಗ ಸೇರಿಸಿ ಇನ್ನೂರು ಮಾರಿಗೆ ಹೇಳಿ. ಕಂಬಕ್ಕೆ ಹಳದಿ ಸೇವಂತಿಗೆ, ಹಿಂಬದಿಗೆ ಸುಗಂಧರಾಜದ ಮೊಗ್ಗು, ನಡುನಡುವೆ ಕನಕಾಂಬರದ ಒಂದೊಂದು ಎಳೆ. ಬಣ್ಣ ಎರಡೋ ಮೂರೋ ಸಾಕು. ಏಳು ಬಣ್ಣ ಹಾಕಿದ ಮಂಟಪ ಫೋಟೊದಲ್ಲಿ ಅಂಗಡಿಯಂತೆ ಕಾಣುತ್ತದೆ. ಮುಂದಿನ ಎರಡು ಕಂಬಕ್ಕೆ ಗೊನೆ ಇರುವ ಬಾಳೆಕಂದು, ಮೇಲೆ ತೆಂಗಿನ ಗರಿಯ ಹೆಣಿಗೆ, ಕಲಶದ ಪಕ್ಕ ಅಡಿಕೆ ಹೊಂಬಾಳೆ ಇಟ್ಟರೆ ಯಾವ ಆರ್ಕಿಡ್ಡೂ ಬೇಡ.

ಕೆಡುವುದು ಹೊತ್ತಿನಲ್ಲಿ. ಹಿಂದಿನ ಸಂಜೆ ನಾಲ್ಕಕ್ಕೆ ಕಟ್ಟಿದ ಮಲ್ಲಿಗೆ ಮರುದಿನ ಬೆಳಗಿನ ಮುಹೂರ್ತಕ್ಕೆ ಕಂದು ತಿರುಗಿರುತ್ತದೆ. ಸೇವಂತಿಗೆ ರಾತ್ರಿ ಕಟ್ಟಿದರೂ ತಡೆಯುತ್ತದೆ. ಮಲ್ಲಿಗೆ ಮಾತ್ರ ಬೆಳಗಿನ ಜಾವ ಐದಕ್ಕೆ ಏರಿಸಲು ಇಬ್ಬರನ್ನು ಉಳಿಸಿಕೊಳ್ಳುವಂತೆ ಒಪ್ಪಂದದಲ್ಲೇ ಬರೆಸಿ. ಚೆಂಡುಹೂವಿಗೆ ನೀರು ಚಿಮುಕಿಸಿ ಒತ್ತಾಗಿ ರಾಶಿ ಹಾಕಬಾರದು, ಒಳಗೊಳಗೇ ಕೊಳೆಯುತ್ತದೆ. ಗೊಂಚಲು ಚುಚ್ಚುವ ಹಸಿರು ಫೋಮ್ ಅನ್ನು ನೀರಿನ ಮೇಲೆ ಬಿಟ್ಟು ತಾನಾಗಿ ಮುಳುಗಲು ಬಿಡಬೇಕು. ಅವಸರಕ್ಕೆ ಕೈಯಿಂದ ಒತ್ತಿ ಮುಳುಗಿಸಿದರೆ ನಡುವೆ ಗಾಳಿ ಸಿಕ್ಕಿಕೊಂಡು ಅಲ್ಲಿ ಒಣಗಿಯೇ ಉಳಿಯುತ್ತದೆ, ಆ ಭಾಗಕ್ಕೆ ಚುಚ್ಚಿದ ಗುಲಾಬಿ ಬೇಗ ತಲೆಬಾಗುತ್ತದೆ.

ಆಷಾಢ, ಧನುರ್ಮಾಸಗಳಲ್ಲಿ ಬಹಳಷ್ಟು ಮನೆಗಳು ಮದುವೆ ಇಟ್ಟುಕೊಳ್ಳದ ಕಾರಣ ಉಳಿದ ಮುಹೂರ್ತಗಳಲ್ಲಿ ಹೂವಿಗೆ ಒಟ್ಟಿಗೇ ಬೇಡಿಕೆ ಬೀಳುತ್ತದೆ. ವರಮಹಾಲಕ್ಷ್ಮಿ, ಆಯುಧಪೂಜೆಯ ಹಿಂದುಮುಂದಾದರೆ ಇನ್ನೂ ಕಷ್ಟ. ಒಪ್ಪಂದ ರೂಪಾಯಿಯಲ್ಲಿ ಮಾತ್ರ ಬೇಡ, ‘ಇಂಥ ಹೂವು, ಇಷ್ಟು ಮಾರು’ ಎಂದೂ ಇರಲಿ.

ಪ್ರಶ್ನೆ: ಸ್ಟೇಜ್ ಮೇಲೆ ಮೈಸೂರು ಸಿಲ್ಕ್‌ನ ಗಿಳಿಹಸಿರು ಸೀರೆ ಕಪ್ಪಾಗಿ, ಮುಖ ನೇರಳೆಯಾಗಿ ಬಂದ ಆಲ್ಬಂ ನೋಡಿ ಹೆದರಿದ್ದೇನೆ. ತಪ್ಪು ಕ್ಯಾಮೆರಾದ್ದೋ, ಸೀರೆಯದ್ದೋ? – ಓದುಗರು, ಮೈಸೂರು

ಎರಡರದ್ದೂ ಅಲ್ಲ, ಬಣ್ಣದ ಎಲ್‌ಇಡಿ ಲೈಟಿನದು. ಹಸಿರು ಬಟ್ಟೆಯ ಮೇಲೆ ನೇರಳೆ ಬೆಳಕು ಬಿದ್ದರೆ ವಾಪಸ್ ಬರಲು ಹಸಿರೇ ಇರುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಬಣ್ಣದ ದೀಪ ಹಿಂದಿನ ಗೋಡೆಗೆ, ಚಾವಣಿಗೆ ಮಾತ್ರ. ಜನ ನಿಲ್ಲುವ ಜಾಗಕ್ಕೆ ಮುಂದಿನ ಎರಡೂ ಮೂಲೆಯಿಂದ, ತಲೆಗಿಂತ ಮೇಲಿಂದ ಓರೆಯಾಗಿ, ‘3200 ಕೆಲ್ವಿನ್ ವಾರ್ಮ್ ವೈಟ್’ (ತುಸು ಹಳದಿ ಬೆರೆತ ಬಿಳಿ) ಬೆಳಕು ಬೀಳಲಿ. ಈ ಮಾತನ್ನು ಲೈಟಿನವರಿಗೆ ಇದೇ ಶಬ್ದದಲ್ಲಿ ಹೇಳಿ. ಜರಿ ಮಿನುಗುವುದೂ ಆ ಬೆಳಕಿನಲ್ಲೇ. ಹಿಂದೆ ಎಲ್‌ಇಡಿ ವಾಲ್ (ವಿಡಿಯೊ ತೋರಿಸುವ ದೊಡ್ಡ ಪರದೆ) ಇದ್ದರೆ ಅದರ ಹೊಳಪನ್ನು 20–30 ಶೇಕಡಕ್ಕೆ ಇಳಿಸಬೇಕು. ಇಲ್ಲದಿದ್ದರೆ ಕ್ಯಾಮೆರಾ ಆ ಹೊಳಪಿಗೆ ಹೊಂದಿಕೊಂಡು ಮುಖಗಳನ್ನು ಕತ್ತಲು ಮಾಡುತ್ತದೆ. ಸಂಜೆ ಐದೂವರೆಗೆ ಅದೇ ಸೀರೆಯ ಸೆರಗಿನ ತುದಿ ಹಿಡಿದು ಫೋಟೊಗ್ರಾಫರ್ ಒಂದು ಫೋಟೊ ತೆಗೆದು ನೋಡಿದರೆ ಮುಗಿಯಿತು.

ಪ್ರಶ್ನೆ: ಕನಕಪುರ ರಸ್ತೆಯ ಫಾರ್ಮ್‌ಹೌಸ್‌ನಲ್ಲಿ ಮೇ ತಿಂಗಳಲ್ಲಿ ಸಂಗೀತ್ ಇಟ್ಟುಕೊಂಡಿದ್ದೇವೆ. ಡಿಜೆ, ಎಲ್‌ಇಡಿ ವಾಲ್, 300 ಜನ. ಜನರೇಟರ್ ಎಷ್ಟು ದೊಡ್ಡದು ಬೇಕು? – ಓದುಗರು, ಬೆಂಗಳೂರು

ಎಲ್ಲರಿಂದಲೂ ವ್ಯಾಟ್ ಲೆಕ್ಕ ತರಿಸಿಕೊಳ್ಳಿ. ಮಾದರಿಗೆ: 150 ವ್ಯಾಟ್‌ನ 40 ಪಾರ್ ಲೈಟಿಗೆ (ಸ್ಟೇಜ್ ದೀಪ) 6 ಕಿಲೋವ್ಯಾಟ್. 16x10 ಅಡಿಯ ಎಲ್‌ಇಡಿ ವಾಲ್ ಪೂರ್ತಿ ಬೆಳ್ಳಗೆ ಉರಿದರೆ 9ರ ಹತ್ತಿರ. ಸೌಂಡ್‌ಗೆ 8, ಅಡುಗೆಯವರ ಗ್ರೈಂಡರ್, ಹಾಟ್‌ಕೇಸ್, ಕಾಫಿ ಯಂತ್ರಕ್ಕೆ 5, ದಾರಿದೀಪ ಮತ್ತು ಫ್ಯಾನಿಗೆ 3. ಒಟ್ಟು 31. ಜನರೇಟರ್ ಅಳತೆ ಹೇಳುವುದು ಕೆವಿಎಯಲ್ಲಿ, ಅದಕ್ಕಾಗಿ ಈ ಮೊತ್ತವನ್ನು ಪವರ್ ಫ್ಯಾಕ್ಟರ್ ಎನ್ನುವ 0.8ರಿಂದ ಭಾಗಿಸಿದರೆ 39 ಕೆವಿಎ. ಜನರೇಟರ್ ಶೇ 70ಕ್ಕಿಂತ ಹೆಚ್ಚು ಹೊರೆ ಹೊರದಿರಲಿ ಎಂದರೆ 56. ಸಿಗುವ ಅಳತೆಯಲ್ಲಿ 62.5 ಕೆವಿಎ ಸೈಲೆಂಟ್ ಜನರೇಟರ್ ಸರಿಹೋಗುತ್ತದೆ. ಎ.ಸಿ. ಟೆಂಟ್ ಆದರೆ ಈ ಲೆಕ್ಕವೆಲ್ಲ ಹೊಸದಾಗಿ ಹಾಕಬೇಕು.

ಜನರೇಟರ್ ಕೊಡುವ ಮೂರು ಲೈನ್, ಅಂದರೆ ಫೇಸ್‌ಗಳಲ್ಲಿ ಸೌಂಡ್ ಒಂದರ ಮೇಲೆ, ಲೈಟ್ ಇನ್ನೊಂದರ ಮೇಲೆ, ಅಡುಗೆ ಮೂರನೆಯದರ ಮೇಲೆ ಇರಲಿ. ಒಂದೇ ಫೇಸ್‌ಗೆ ಎಲ್ಲ ಸಿಕ್ಕಿಸಿದರೆ ಗ್ರೈಂಡರ್ ಶುರುವಾದಾಗಲೆಲ್ಲ ಸ್ಪೀಕರ್ ಗುರ್ರೆನ್ನುತ್ತದೆ, ಕೊನೆಗೆ ಬ್ರೇಕರ್ ಬೀಳುತ್ತದೆ. ಒದ್ದೆ ಹುಲ್ಲಿನ ಮೇಲೆ ವೈರ್ ಎಳೆಯುವಾಗ ಇಎಲ್‌ಸಿಬಿ (ಕರೆಂಟ್ ಸೋರಿದೊಡನೆ ತಾನಾಗಿ ಕಡಿಯುವ ಸ್ವಿಚ್) ಇಲ್ಲದ ಬೋರ್ಡ್ ಒಪ್ಪಲೇಬೇಡಿ. ಮೇನಲ್ಲಿ ಸಂಜೆಯ ಗುಡುಗುಮಳೆ ಬೆಂಗಳೂರಿನ ಸುತ್ತ ಸಾಮಾನ್ಯ. ಬಟ್ಟೆಯ ಶಾಮಿಯಾನ ನೀರು ತುಂಬಿ ಕುಸಿಯುತ್ತದೆ. ಇಳಿಜಾರು ಚಾವಣಿಯ ಜರ್ಮನ್ ಹ್ಯಾಂಗರ್ ಟೆಂಟ್, ನೆಲದಿಂದ ಆರು ಇಂಚು ಎತ್ತರದ ಹಲಗೆ ಎರಡಕ್ಕೂ ದುಡ್ಡು ಎತ್ತಿಡಿ. ಡಿಜೆ ದುಡ್ಡಲ್ಲಿ ಕಡಿತ ಮಾಡಿದರೂ ಚಿಂತೆಯಿಲ್ಲ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಉಳಿದ ಹೊತ್ತಿಗೂ ಲಿಖಿತ ಅನುಮತಿ ಬೇಕು. ಹಾಗಾಗಿ ನೃತ್ಯ ಏಳಕ್ಕೇ ಶುರುಮಾಡಿ, ಊಟವನ್ನು ಹತ್ತರ ನಂತರಕ್ಕೂ ಚಾಚಿಕೊಳ್ಳಬಹುದು.

ಪ್ರಶ್ನೆ: ಸ್ಟಾರ್ ಹೋಟೆಲ್‌ನ ಎ.ಸಿ. ಹಾಲ್‌ನಲ್ಲಿ ಹೋಮಕ್ಕೆ ಬಿಡುತ್ತಾರೆಯೇ? – ಓದುಗರು, ಮಂಗಳೂರು

ಕೆಲವರು ಬಿಡುತ್ತಾರೆ, ಬಾಯಿಮಾತಿನಲ್ಲಿ ನಂಬಬೇಡಿ. ಬುಕ್ಕಿಂಗ್ ಪತ್ರದಲ್ಲೇ ‘ಹೋಮಕ್ಕೆ ಅನುಮತಿ’ ಎಂದು ಬರೆಸಿ. ಹೊಗೆ ಪತ್ತೆ ಯಂತ್ರವನ್ನು ಆ ಭಾಗಕ್ಕಷ್ಟೇ, ಆ ಹೊತ್ತಿಗಷ್ಟೇ ನಿಲ್ಲಿಸಿ ಅವರದೇ ಸಿಬ್ಬಂದಿ ಅಗ್ನಿಶಾಮಕ ಸಿಲಿಂಡರ್ ಹಿಡಿದು ನಿಲ್ಲಬೇಕು. ಕಾರ್ಪೆಟ್ ಮೇಲೆ ತಗಡು, ಅದರ ಮೇಲೆ ಇಟ್ಟಿಗೆ, ಆಮೇಲೆ ಎರಡು ಇಂಚು ಮರಳು ಹಾಕಿದ ತಾಮ್ರದ ಕುಂಡ. ಹೋಮಕುಂಡದ ನೆತ್ತಿಗೆ ಬಟ್ಟೆಯ ಚಾವಣಿ ಬೇಡ. ಹೊಗೆ ಕೊಡುವುದು ಹಸಿ ಸೌದೆ. ಒಣಗಿದ ಸಣ್ಣ ಸಮಿತ್ತು, ಅದಕ್ಕೆ ತಕ್ಕ ತುಪ್ಪ ಇರಲಿ ಎಂದು ಪುರೋಹಿತರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಎಲೆ ಊಟಕ್ಕೆ 42 ಬಗೆ ಮಾಡಿಸಬೇಕೆಂದು ಬೆಂಗಳೂರಿನ ಬೀಗರ ಆಸೆ. ಬೇರೆ ಏನಾದರೂ ವಿಶೇಷ ಹೇಳಿ. – ಓದುಗರು, ಹುಬ್ಬಳ್ಳಿ

ಒಂದು ಬಗೆ ಹಿಡಿದು ಬಡಿಸುವವರು ಸಾಲು ಮುಗಿಸಲು ಅರ್ಧ ನಿಮಿಷವೆಂದರೂ 42ಕ್ಕೆ 21 ನಿಮಿಷ. ಅಷ್ಟರಲ್ಲಿ ಮೊದಲು ಬಡಿಸಿದ ಬಜ್ಜಿ ತಣ್ಣಗೆ, ಹಪ್ಪಳ ಮೆತ್ತಗೆ. ಎಲೆಯಲ್ಲಿ ಜಾಗವೂ ಇರದು. 20ಕ್ಕೆ ಇಳಿಸಿ, 12–15 ಎಲೆಗೆ ಒಬ್ಬರಂತೆ ಬಡಿಸುವವರನ್ನು ಕೇಳಿ. ದುಡ್ಡು ಅಲ್ಲಿಗೆ ಹೋಗಲಿ.

ವಿಶೇಷ ನಿಮ್ಮ ಊರಲ್ಲೇ ಇದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿಗೆ ಗಟ್ಟಿ ಮೊಸರು, ಮೇಲೆ ತುಪ್ಪ ಸುರಿದ ಗೋಧಿ ಹುಗ್ಗಿ ಅಥವಾ ಮಾದಲಿ, ಕೊನೆಗೆ ಧಾರವಾಡ ಪೇಡೆಯ ಜೊತೆ ಗೋಕಾಕ ಕರದಂಟು. ಬೆಂಗಳೂರಿನ ಬೀಗರಿಗೆ ಇದಕ್ಕಿಂತ ಹೊಸದು ಯಾವುದೂ ಇಲ್ಲ. ಮೆತ್ತನೆಯ ರೊಟ್ಟಿಯನ್ನು ಮೊದಲೇ ಬಡಿದು ಡಬ್ಬಿಯಲ್ಲಿ ಒತ್ತಿಟ್ಟರೆ ಬೆವರಿ ತೊಗಲಾಗುತ್ತದೆ. ಪಂಕ್ತಿ ಕೂರುವಾಗಲೇ ಒಲೆಯಿಂದ ಬರಬೇಕು, ಸಾಧ್ಯವಿಲ್ಲದಿದ್ದರೆ ಖಡಕ್ ರೊಟ್ಟಿಯೇ ವಾಸಿ. ಎಣಿಕೆಗೆ ಮನೆಯ ಒಬ್ಬರು ಪ್ರತಿ ಪಂಕ್ತಿಯಲ್ಲೂ ಎಲೆ ಎಣಿಸಿ ಅಡುಗೆಯವರ ಸಹಿ ಹಾಕಿಸಿಕೊಳ್ಳಲಿ. ರಾತ್ರಿ ಹನ್ನೆರಡಕ್ಕೆ ಕೂತು ನೆನಪಿನ ಮೇಲೆ ಲೆಕ್ಕ ಮಾಡಿದರೆ ಜಗಳ ಖಂಡಿತ.

ಪ್ರಶ್ನೆ: ತಾಂಬೂಲದ ಚೀಲ ಎಷ್ಟು ಮಾಡಿಸಬೇಕು? – ಓದುಗರು, ಹಾಸನ

ತಲೆಗೊಂದಲ್ಲ, ಮನೆಗೊಂದು. ಸಾವಿರ ಜನರಿಗೆ 400 ಸಾಕು, 50 ಹೆಚ್ಚಿಗಿರಲಿ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಥರ್ಮೋಕೋಲ್ ಸಾಮಾನು, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಕೂಡ ನಿಷೇಧ. ಹತ್ತಿ ಚೀಲವೇ ಮಾಡಿಸಿ, ತೆಂಗಿನಕಾಯಿಯ ಭಾರಕ್ಕೆ ಹಿಡಿಕೆಗೆ ಎರಡು ಹೊಲಿಗೆ ಬೀಳಲಿ. ಅದರ ಮೇಲೆ ವಧೂವರರ ಹೆಸರು ಅಚ್ಚು ಹಾಕಿಸಬೇಡಿ. ಹೆಸರಿಲ್ಲದ ಚೀಲ ಮಾರನೆಯ ದಿನ ತರಕಾರಿ ಅಂಗಡಿಗೆ ಹೋಗುತ್ತದೆ, ಹೆಸರಿದ್ದದ್ದು ಬೀರುವಿನ ಮೂಲೆ ಸೇರುತ್ತದೆ. ವೀಳ್ಯದೆಲೆಯನ್ನು ಮುಹೂರ್ತದ ಬೆಳಗ್ಗೆಯೇ ತುಂಬಿ. ಹಿಂದಿನ ರಾತ್ರಿ ತುಂಬಿದರೆ ಕಾಯಿಯ ಭಾರಕ್ಕೆ ಎಲೆ ನಲುಗಿ ಕಪ್ಪಾಗುತ್ತದೆ.