ಸಣ್ಣ ದೋಣಿಗೆ ಎರಡನೇ ಔಟ್‌ಬೋರ್ಡ್ ಮೋಟಾರ್ ಕೂರಿಸುವುದು ಹೇಗೆ?

ಮೊದಲು ಎತ್ತರ ನೋಡಿ. ಬ್ರಾಕೆಟ್ (ದೋಣಿಯ ಹಿಂಬದಿ ಹಲಗೆಗೆ ಕೂರಿಸುವ, ಮೋಟಾರನ್ನು ಏರಿಸಿ ಇಳಿಸುವ ಚೌಕಟ್ಟು) ಇಳಿಸಿದಾಗ ಪ್ರೊಪೆಲ್ಲರ್ ಮೇಲಿರುವ ಅಡ್ಡ ತಟ್ಟೆ ದೋಣಿಯ ತಳಕ್ಕಿಂತ 2–3 ಸೆಂ.ಮೀ. ಕೆಳಗಿರಬೇಕು. ಮೇಲಿದ್ದರೆ ಅಲೆ ಎದ್ದಾಗಲೆಲ್ಲ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಬರೀ ಸುತ್ತುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಅದಕ್ಕೇ 15 ಇಂಚಿಗಿಂತ 20 ಇಂಚಿನ ಶಾಫ್ಟ್ (ಮೋಟಾರಿನಿಂದ ಪ್ರೊಪೆಲ್ಲರ್ ಕಡೆಗೆ ಇಳಿಯುವ ಕಾಲು) ವಾಸಿ.

ಮುಖ್ಯ ಮೋಟಾರನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎತ್ತಿಯೂ ನೋಡಿ, ಬ್ರಾಕೆಟ್‌ಗೆ ಎಲ್ಲೂ ತಾಗದ ಜಾಗ ಗುರುತು ಹಾಕಿ, ಆಮೇಲಷ್ಟೇ ಡ್ರಿಲ್. ಮರದ ಸ್ಕ್ರೂ ಸಾಲದು. ಸ್ಟೇನ್‌ಲೆಸ್ ಬೋಲ್ಟ್ ಹಿಂಬದಿ ಹಲಗೆಯ ಆಚೆಗೆ ತೂರಿ, ಒಳಗಡೆ ದಪ್ಪ ಪಟ್ಟಿ ಕೊಟ್ಟು ಬಿಗಿ ಮಾಡಿ. ರಂಧ್ರದ ಒಳಗೋಡೆಗೂ ಮರೀನ್ ಸೀಲೆಂಟ್ ಬೇಕೇ ಬೇಕು: ಪ್ಲೈವುಡ್‌ಗೆ ನೀರಿಳಿದರೆ ಹಲಗೆ ಹೊರಗೆ ಕಾಣದಂತೆ ಕೊಳೆಯುತ್ತದೆ.

ಮೋಟಾರನ್ನು ಬ್ರಾಕೆಟ್‌ಗೆ ಹಿಡಿದಿಡುವ ಕ್ಲಾಂಪ್ ತಿರುಪುಗಳು ಕಂಪನಕ್ಕೆ ಸಡಿಲಾಗುತ್ತವೆ. ಪ್ರತಿ ಸಲ ಹೊರಡುವ ಮುಂಚೆ ಬಿಗಿ ಮಾಡಿ, ಮೋಟಾರನ್ನು ಸರಪಳಿಯಿಂದಲೂ ದೋಣಿಗೆ ಕಟ್ಟಿಡಿ.