ಮುತ್ತಜ್ಜನ ಕಾಲದಲ್ಲಿ ದುಡ್ಡೇ ಬೇಕಿರಲಿಲ್ವಾ?

ಪ್ರಶ್ನೆ: 1910ರ ಆಸುಪಾಸಿನಲ್ಲಿ ನಮ್ಮ ಮುತ್ತಜ್ಜ ಯಲಹಂಕದ ಕಡೆ ನಾಲ್ಕೆಕರೆ ರಾಗಿ ಹೊಲ ಮಾಡಿಕೊಂಡಿದ್ದರಂತೆ. ‘ಆಗ ದುಡ್ಡೇ ಬೇಕಿರಲಿಲ್ಲ, ಎಲ್ಲ ಹೊಲದಲ್ಲೇ ಬೆಳೀತಿತ್ತು’ ಅಂತಾರೆ ಮನೆಯಲ್ಲಿ. ನಿಜವಾ?
– ಓದುಗರು, ರಾಜಾಜಿನಗರ

ಉತ್ತರ: ಊಟದ ಮಟ್ಟಿಗೆ ನಿಜ. ಕೂರಿಗೆಯಲ್ಲಿ (ಸಾಲಾಗಿ ಬೀಜ ಬಿತ್ತುವ ಸಾಧನ) ರಾಗಿ ಬಿತ್ತಿ, ನಡುನಡುವೆ ಬಿಟ್ಟ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಹಾಕಿ, ಬದುವಿನಲ್ಲಿ ನಾಲ್ಕು ಹರಳು ಗಿಡ ಬಿಟ್ಟರೆ ಮುದ್ದೆ, ಸಾರು, ದೀಪದ ಎಣ್ಣೆ, ದನಕ್ಕೆ ಹುಲ್ಲು ಎಲ್ಲ ಒಂದೇ ಹೊಲದಿಂದ ಬರುತ್ತಿತ್ತು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ತೊಗರಿ, ಅವರೆ ಒಂದಿಷ್ಟು ಉಳಿಯುತ್ತಿತ್ತು. ಕಮ್ಮಾರ, ಬಡಗಿ, ಅಗಸ, ಕೆರೆ ನೀರು ಬಿಡುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಲ್ಲೇ ಆಯ, ಅಂದರೆ ಕೆಲಸಕ್ಕೆ ಸಲ್ಲುವ ಕಾಳಿನ ಪಾಲು, ಅಳೆದು ಕೊಡುತ್ತಿದ್ದರು.

ಆದರೆ ಕಂದಾಯವನ್ನು ರಾಗಿಯಲ್ಲಿ ಕಟ್ಟೋಕಾಗ್ತಿರಲಿಲ್ಲ. ಅದು ರೂಪಾಯಿಯಲ್ಲೇ ಆಗಬೇಕು. ಮೈಸೂರು ಸರ್ಕಾರ ಸರ್ವೆ ಮಾಡಿಸಿ, ಎಕರೆಗೆ ಇಷ್ಟು ಅಂತ 30 ವರ್ಷಕ್ಕೆ ನಿಗದಿ ಮಾಡುತ್ತಿತ್ತು. ಸುಗ್ಗಿ ಮುಗಿದದ್ದೇ ತಡ ಕಂತು ಶುರು. ಊರಿನವರೆಲ್ಲ ಒಟ್ಟಿಗೇ ರಾಗಿ ಮಾರಲು ಹೊರಟರೆ ಬೆಲೆ ಏನಾಗುತ್ತೆ ಹೇಳಿ? ಇದರ ಮೇಲೆ ಉಪ್ಪು, ಬಟ್ಟೆ, ಮಗಳ ಮದುವೆ, ಎತ್ತು ಸತ್ತರೆ ಹೊಸ ಎತ್ತು. ಸಾಹುಕಾರನ ಮನೆ ಬಾಗಿಲಿಗೆ ಹೋಗದ ರೈತ ಕಡಿಮೆ. ಸಹಕಾರ ಸಂಘಗಳ ಕಾಯ್ದೆ ಮೈಸೂರಿಗೆ ಬಂದದ್ದೇ 1905ರಲ್ಲಿ, ಅದು ಹಳ್ಳಿಹಳ್ಳಿಗೆ ಮುಟ್ಟೋಕೆ ಇನ್ನೂ ಕಾಲ ಬೇಕಾಯ್ತು.

ನಿಮ್ಮ ಮುತ್ತಜ್ಜನಿಗೆ ಇದ್ದ ಒಂದು ಅನುಕೂಲ ಬೆಂಗಳೂರು. ಪೇಟೆಗೂ ದಂಡಿಗೂ (ಕಂಟೋನ್ಮೆಂಟ್) ತರಕಾರಿ, ಹುಲ್ಲು, ಸೌದೆ, ಹಾಲು ಮೊಸರು ಬೇಕೇ ಬೇಕಿತ್ತು. ಗಂಡಸರು ಗಾಡಿ ಕಟ್ಟಿ ಹೊರಟ ಕಥೆ ಎಲ್ಲರ ಮನೆಯಲ್ಲೂ ಇರುತ್ತೆ. ಮೊಸರಿನ ಗಡಿಗೆ ಹೊತ್ತು ಮಾರಿ, ಆ ಕಾಸಿನಲ್ಲಿ ಮನೆಯ ಉಪ್ಪು-ಮೆಣಸಿನಕಾಯಿ ನಡೆಸಿದ ಮುತ್ತಜ್ಜಿಯ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ. ನಿಮ್ಮ ಮನೆಯ ಹಿರಿಯರನ್ನು ಅದನ್ನೇ ಮೊದಲು ಕೇಳಿ.

ಪ್ರಶ್ನೆ: ಹೊಸಕೋಟೆ ಹತ್ತಿರ ಹಳೇ ಮನೆ ಅಂಗಳದಲ್ಲಿ ಬಾಯಿ ಕಿರಿದಾದ, ಒಳಗೆ ಅಗಲವಾದ ಗುಂಡಿ ಸಿಕ್ಕಿದೆ. ಬಾವಿಯಂತೂ ಅಲ್ಲ. ಇಳಿದು ನೋಡಬಹುದಾ?
– ಓದುಗರು, ಕೆ.ಆರ್. ಪುರ

ಉತ್ತರ: ದಯವಿಟ್ಟು ಸುಮ್ನೆ ಇಳಿಯಬೇಡಿ. ಅದು ಹಗೇವು ಇರಬೇಕು, ರಾಗಿ ತುಂಬಿಡುವ ನೆಲದ ಕಣಜ. ಗಟ್ಟಿ ನೆಲದಲ್ಲಿ ಗಡಿಗೆ ಆಕಾರಕ್ಕೆ ತೋಡಿ, ಸುತ್ತ ಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿ ಸುರಿದು, ಬಾಯಿಗೆ ಕಲ್ಲು ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ, ಹುಳಕ್ಕೆ ಉಸಿರಿಲ್ಲ. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಹುಳ ಸಾಯುವ ಅದೇ ಗಾಳಿಯಲ್ಲಿ ಮನುಷ್ಯನೂ ಸಾಯುತ್ತಾನೆ. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ಬಿಟ್ಟು ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ, ಅದು ಆರದೆ ಉರಿದರಷ್ಟೇ ಆಳು ಇಳಿಯುತ್ತಿದ್ದ. ಈಗ ದೀಪವನ್ನೂ ನಂಬಬೇಡಿ, ಅಗ್ನಿಶಾಮಕದವರನ್ನು ಕರೆಸಿ.

1918ರಲ್ಲಿ ಮಳೆ ಹೋಯ್ತು, ಅದೇ ವರ್ಷ ಇನ್‌ಫ್ಲುಯೆಂಜಾ ಬಂತು. ಅಂಥ ವರ್ಷದಲ್ಲಿ ಹಗೇವಿನಲ್ಲಿ ಹಳೇ ರಾಗಿ ಇದ್ದ ಮನೆಗೂ ಇಲ್ಲದ ಮನೆಗೂ ಇದ್ದ ವ್ಯತ್ಯಾಸ ಸಣ್ಣದಲ್ಲ.

ಪ್ರಶ್ನೆ: ಹಳೇ ಜಮೀನಿನ ದಾಖಲೆ ಎಲ್ಲಿ ಹುಡುಕಲಿ?
– ಓದುಗರು, ಹೆಬ್ಬಾಳ

ಉತ್ತರ: ಸರ್ವೆ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ತಾಲ್ಲೂಕು ಕಚೇರಿಯಲ್ಲಿ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರ್‌ವಾರು ಜಮೀನಿನ ಹಳೇ ಪುಸ್ತಕ) ಕೇಳಿ. ಆಕಾರ್‌ಬಂದ್, ಟಿಪ್ಪಣಿ (ಹೊಲ ಅಳೆದ ಸರ್ವೆ ನಕ್ಷೆ), ಗ್ರಾಮ ನಕ್ಷೆ ಸರ್ವೆ ಶಾಖೆಯಲ್ಲಿ ಸಿಗುತ್ತೆ. ಆಕಾರ್‌ಬಂದ್‌ನಲ್ಲಿ ವಿಸ್ತೀರ್ಣದ ಜೊತೆ ಕಂದಾಯ ಎಷ್ಟಿತ್ತು ಅಂತಲೂ ಇರುತ್ತೆ, ಅದನ್ನೂ ಬರೆದುಕೊಂಡು ಬನ್ನಿ.