‘ತೂತು’ ಎಂದು ಬರೆಯಲು ಹಿಂಜರಿದವರಿಗೆ

ನಮಸ್ಕಾರ.

‘ದೇಹದಲ್ಲಿ ದೇವರ ಸಹಿ’ ಎಂಬ ನಿಮ್ಮ ಲೇಖನ ಓದಿದೆ. ಯಹೂದಿಗಳು ಮನುಷ್ಯನ ದೇಹವನ್ನು ನೋಡುತ್ತ ದೇವರ ಕಡೆಗೆ ಹೇಗೆ ತಿರುಗುತ್ತಾರೆ ಎಂಬ ವಿಷಯಕ್ಕೆ ಕನ್ನಡದಲ್ಲಿ ಕೈ ಹಾಕಿದವರು ಕಡಿಮೆ. ಭಾಷೆಯೂ ತೊಡಕಿಲ್ಲ. 11ನೇ ಶತಮಾನದ ಸ್ಪೇನಿನ ಯಹೂದಿ ಚಿಂತಕ ಬಹ್ಯಾ ಇಬ್ನ್ ಪಕೂದಾ ಬಗೆಗಿನ ಪುಟವನ್ನು ಹಾಗೆಯೇ ಅಚ್ಚಿಗೆ ಕಳಿಸಬಹುದು. ಹೊಗಳಿಕೆ ಇಷ್ಟೇ. ಎರಡು ಕಡೆ ನನಗೆ ಸಿಟ್ಟೇ ಬಂತು. ಉಳಿದದ್ದನ್ನು ಬಿಟ್ಟು ಅವೆರಡನ್ನೇ ಹಿಡಿದು ಕೂರುತ್ತೇನೆ.

ಮೊದಲನೆಯದು ಎರಡನೇ ಪುಟದಲ್ಲಿದೆ. “ದೇಹವೆಂಬ ಕೊಡುಗೆಗಾಗಿ ಯಹೂದಿಗಳು ಪ್ರತಿದಿನ ಬೆಳಗ್ಗೆ ಕೃತಜ್ಞತೆ ಸಲ್ಲಿಸುತ್ತಾರೆ.” ಇದು ‘ಅಶೆರ್ ಯಾತ್ಸರ್’ ಎಂಬ ಸ್ತುತಿಯ ಮಾತು. ಅದನ್ನು ಹೇಳುವುದು ಕಕ್ಕಸಿನಿಂದ ಹೊರಬಂದು ಕೈ ತೊಳೆದ ಮೇಲೆ. ಮೂತ್ರಕ್ಕೆ ಹೋದರೂ ಸರಿ, ಮಲಕ್ಕೆ ಹೋದರೂ ಸರಿ. ಐದು ಸಲ ಹೋದರೆ ಐದು ಸಲ. ಒಳಗೆ ನಿಂತು ಹೇಳುವಂತಿಲ್ಲ, ಅದಕ್ಕೇ ಎಷ್ಟೋ ಸಿನಗಾಗ್‌ಗಳಲ್ಲಿ (ಯಹೂದಿ ಪ್ರಾರ್ಥನಾ ಮಂದಿರಗಳಲ್ಲಿ) ಕಕ್ಕಸಿನ ಬಾಗಿಲ ಹೊರಗಿನ ಗೋಡೆಗೆ ಅದನ್ನು ಬರೆದು ತೂಗುಹಾಕಿರುತ್ತಾರೆ. ಬೆಳಗಿನ ಪ್ರಾರ್ಥನೆಯ ಮೊದಲ ಪುಟಗಳಲ್ಲೂ ಅದು ಬರುತ್ತದೆ, ನಿಜ. ಆದರೆ ಆಧಾರವಾಗಿ ನೀವೇ ಕೊಟ್ಟಿರುವುದು ಯಹೂದಿ ಧರ್ಮಚರ್ಚೆಗಳ ದೊಡ್ಡ ಗ್ರಂಥವಾದ ತಾಲ್ಮುಡ್‌ನ ‘ಬೆರಾಖೋಟ್’ ಸಂಪುಟದ 60ನೇ ಹಾಳೆಯ ಎರಡನೇ ಮಗ್ಗುಲು. ಅಲ್ಲಿ ಆ ಮಾತು ಶುರುವಾಗುವುದೇ ಶೌಚಕ್ಕೆ ಹೋಗುವವನು ಏನು ಹೇಳಬೇಕು ಎಂಬುದರಿಂದ. ಅಂದರೆ ಓದಿದ್ದೀರಿ, ಮುಜುಗರಪಟ್ಟಿದ್ದೀರಿ, ಮೆಲ್ಲಗೆ ಬೆಳಗಿನ ಹೊತ್ತಿಗೆ ಸಾಗಹಾಕಿದ್ದೀರಿ.

ಆ ಮುಜುಗರ ಅನುವಾದಕ್ಕೂ ಇಳಿದಿದೆ. “ಅಸಂಖ್ಯ ಅಂಗಾಂಗಗಳ ವಿಸ್ಮಯಕಾರಿ ಜಾಲವನ್ನು ಹೆಣೆದವನೇ” ಎಂದಿದ್ದೀರಿ. ಹೀಬ್ರೂದಲ್ಲಿರುವುದು ‘ನೆಕಾವಿಮ್ ನೆಕಾವಿಮ್, ಹಲೂಲಿಮ್ ಹಲೂಲಿಮ್.’ ತೂತು ತೂತು, ಟೊಳ್ಳು ಟೊಳ್ಳು. ಅಸಂಖ್ಯ ಇಲ್ಲ, ವಿಸ್ಮಯ ಇಲ್ಲ, ಜಾಲವಂತೂ ಇಲ್ಲವೇ ಇಲ್ಲ. ದ್ವಿರುಕ್ತಿಯನ್ನು ಇಷ್ಟು ಸಲೀಸಾಗಿ ಬಳಸುವ ಭಾಷೆ ಕೈಯಲ್ಲಿರುವಾಗ, ಮೂಲದ ಲಯವೇ ಪುಕ್ಕಟೆ ಸಿಗುತ್ತಿರುವಾಗ, ಯಾಕೆ ಈ ಸಂಸ್ಕೃತದ ಪರದೆ?

ಮುಂದಿನ ಸಾಲು: “ಇವುಗಳ ಸಮತೋಲನ ತಪ್ಪಿದರೆ ಬದುಕು ದುಸ್ತರ.” ಮೂಲ ಹೇಳುವುದು ಹೀಗೆ: ಇವುಗಳಲ್ಲಿ ಒಂದು ತೆರೆದುಕೊಂಡರೆ, ಇಲ್ಲವೇ ಒಂದು ಮುಚ್ಚಿಕೊಂಡರೆ, ಬದುಕಿದ್ದು ನಿನ್ನೆದುರು ನಿಲ್ಲಲಾಗದು. ‘ಸಮತೋಲನ’ ಆರೋಗ್ಯ ಪುರವಣಿಯ ಪದ. ಮೂಲದ್ದು ಕೊಳಾಯಿ ರಿಪೇರಿಯವನ ಮಾತು: ಒಡೆಯಿತೋ, ಕಟ್ಟಿಕೊಂಡಿತೋ. ನೀವು ಜೀವಶಾಸ್ತ್ರ ಪಾಠ ಮಾಡುವವರೆಂದು ಜೊತೆಗಿಟ್ಟ ಪತ್ರದಲ್ಲಿದೆ. ನಿಮ್ಮ ವಿದ್ಯೆ ಬೇಕಾಗಿದ್ದದ್ದು ಇಲ್ಲಿ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಹೊರಗೆ ಬಿಡುವುದು ಒಂದೂವರೆ ಲೀಟರಿನ ಆಸುಪಾಸು. ಅದು ಮೂತ್ರಕೋಶಕ್ಕೆ ಇಳಿಯುವ ನಾಳದ ಅಗಲ 3-4 ಮಿಲಿಮೀಟರ್. ಅಲ್ಲಿ 6 ಮಿಲಿಮೀಟರಿನ ಕಲ್ಲು ಸಿಕ್ಕಿಕೊಂಡವನಿಗೆ ಈ ಸ್ತುತಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ತೆರೆಯುವ-ಮುಚ್ಚುವ ಮಾತಿಗೆ ಇನ್ನೂ ಸೂಕ್ಷ್ಮದ್ದು ಬೇಕಾದರೆ, ಗರ್ಭದ ಶಿಶುವಿನ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ರಂಧ್ರವಿದೆಯಲ್ಲ: ಹುಟ್ಟುವ ತನಕ ತೆರೆದಿರಬೇಕು, ಉಸಿರಾಟ ಶುರುವಾದ ಮೇಲೆ ಮುಚ್ಚಬೇಕು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಬೆಸೆಯುವುದಿಲ್ಲ, ಬಹುಪಾಲು ಮಂದಿಗೆ ಅದರಿಂದ ತೊಂದರೆಯೂ ಇಲ್ಲ, ಅದನ್ನೂ ಬರೆಯಿರಿ. ಉದಾಹರಣೆ ನಿಮ್ಮದು, ತಾಲ್ಮುಡ್‌ನದಲ್ಲ ಎಂಬುದು ಆ ವಾಕ್ಯದಲ್ಲೇ ತಿಳಿಯಬೇಕು.

ಸ್ತುತಿಯ ಕೊನೆಯ ಸಾಲಿನ ಬಗ್ಗೆ ನಡೆದ ಜಗಳವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ‘ರೋಗಿಗಳನ್ನು ಗುಣಪಡಿಸುವವನು’ ಎಂದು ಮುಗಿಸಬೇಕು ಎಂದವನು ತಾಲ್ಮುಡ್‌ನ ಪಂಡಿತ, ‘ರಾವ್’ ಎಂದೇ ಹೆಸರಾದವನು. ಅವನ ಸಮಕಾಲೀನ ಶ್ಮುಏಲ್ ತಿರುಗಿಬಿದ್ದ: ಇವನು ಇಡೀ ಲೋಕವನ್ನೇ ರೋಗಿಯಾಗಿಸಿಬಿಟ್ಟನಲ್ಲ! ‘ಎಲ್ಲ ದೇಹಗಳ ವೈದ್ಯ’ ಎನ್ನಬೇಕು. ಶ್ಮುಏಲ್ ಸ್ವತಃ ವೈದ್ಯ ಎಂಬುದು ನೆನಪಿರಲಿ. ‘ಅದ್ಭುತವನ್ನು ಮಾಡುವವನು’ ಎಂದ ಇನ್ನೊಬ್ಬ ಪಂಡಿತ, ರಾವ್ ಶೇಷೆಟ್. ಕೊನೆಗೆ ರಾವ್ ಪಾಪಾ, ಹಾಗಾದರೆ ಎರಡನ್ನೂ ಹೇಳೋಣ ಎಂದ. ಇವತ್ತಿಗೂ ಹೇಳುವುದು ‘ಎಲ್ಲ ದೇಹಗಳ ವೈದ್ಯ, ಅದ್ಭುತವನ್ನು ಮಾಡುವವನು’ ಎಂದೇ. ನೆಟ್ಟಗೆ ಕೆಲಸ ಮಾಡಿದ ದೇಹಕ್ಕೆ ವೈದ್ಯನೇಕೆ ಎಂಬ ಪ್ರಶ್ನೆ ಇದರೊಳಗಿದೆ. ನಿಮ್ಮ ಲೇಖನದ ನಡುಗಂಬ ಆಗಬೇಕಾದದ್ದು ಅದು.

ಎರಡನೆಯ ಸಿಟ್ಟು ಐದನೇ ಪುಟದ್ದು. “ಮನುಷ್ಯನಲ್ಲಿ 248 ಮೂಳೆಗಳಿವೆ ಎಂದು ಯಹೂದಿ ಋಷಿಗಳು ಸಾವಿರಾರು ವರ್ಷಗಳ ಹಿಂದೆಯೇ ಹೇಳಿದ್ದನ್ನು ಆಧುನಿಕ ವಿಜ್ಞಾನ ಇಂದು ದೃಢಪಡಿಸಿದೆ.” ವಯಸ್ಕರಲ್ಲಿ ಸಾಮಾನ್ಯವಾಗಿ 206 ಎಂದು ಬೆಳಗ್ಗೆ ಬೋರ್ಡಿನ ಮೇಲೆ ಬರೆದು, ರಾತ್ರಿ ಇದನ್ನು ಹೇಗೆ ಬರೆದಿರಿ?

ಕರಡು ತಿದ್ದಲು ಕೂತ ಹೊಸದರಲ್ಲಿ ನನಗೆ ಕಲಿಸಿದ ಮೊದಲ ಪಾಠ: ಅಂಕಿ ಕಂಡರೆ ಕೂಡಿಸು. ಅಂಚಿನಲ್ಲಿ ಪೆನ್ಸಿಲಿನಿಂದ ಕೂಡಿಸದೆ ಪುಟ ತಿರುವುವಂತಿರಲಿಲ್ಲ. ಆ ಚಾಳಿ ಬಿಟ್ಟಿಲ್ಲ. ತಾಲ್ಮುಡ್‌ಗೆ ಬುನಾದಿಯಾದ ಮಿಷ್ನಾ ಎಂಬ ಧರ್ಮಸಂಹಿತೆಯ ‘ಓಹೊಲೋಟ್’ ಭಾಗದ ಮೊದಲ ಅಧ್ಯಾಯದಲ್ಲಿ ಪಟ್ಟಿಯೇ ಇದೆ. ಪಾದದಲ್ಲಿ 30 (ಬೆರಳಿಗೆ ಆರರಂತೆ), ಕಾಲಿನ ಗಿಣ್ಣಿನಲ್ಲಿ 10, ಮಂಡಿಯ ಕೆಳಗೆ 2, ಮಂಡಿಯಲ್ಲಿ 5, ತೊಡೆಯಲ್ಲಿ 1, ಸೊಂಟದ ಕೀಲಿನಲ್ಲಿ 3, ಪಕ್ಕೆಲುಬು 11, ಹಸ್ತದಲ್ಲಿ 30, ಮುಂಗೈಯಲ್ಲಿ 2, ಮೊಣಕೈಯಲ್ಲಿ 2, ತೋಳಿನಲ್ಲಿ 1, ಭುಜದಲ್ಲಿ 4. ಒಂದು ಮಗ್ಗುಲಿಗೆ 101, ಎರಡಕ್ಕೆ 202. ಬೆನ್ನಿನ ಮಣಿ 18, ತಲೆ 9, ಕುತ್ತಿಗೆ 8, ಎದೆ 6, ರಂಧ್ರಗಳು 5: ಇವು 46. ಒಟ್ಟು 248, ಲೆಕ್ಕ ಸರಿ. ಆದರೆ ಹಸ್ತದಲ್ಲಿ ನೀವು ಎಣಿಸುವುದು 27: ಮಣಿಕಟ್ಟಿಗೆ 8, ಅಂಗೈಗೆ 5, ಬೆರಳುಗಳಿಗೆ 14. ಅವರದು 30. ರಂಧ್ರವನ್ನೂ ಸೇರಿಸಿಕೊಂಡ ಪಟ್ಟಿ ‘ಮೂಳೆ’ಗಳ ಪಟ್ಟಿ ಹೇಗಾಯಿತು? ಅವರ ಪದ ‘ಎವರ್’, ಅಂಗ.

ಆ ಪಟ್ಟಿ ಹುಟ್ಟಿದ್ದು ಬೆರಗಿನಿಂದಲೂ ಅಲ್ಲ, ಮೈಲಿಗೆಯ ಲೆಕ್ಕಕ್ಕೆ. ಹೆಣದ ಯಾವ ತುಂಡು ಮುಟ್ಟಿದರೆ, ಹೊತ್ತರೆ, ಒಂದೇ ಸೂರಿನಡಿ ಇದ್ದರೆ ಮೈಲಿಗೆ ಎಂಬುದು ಅಲ್ಲಿನ ಚರ್ಚೆ. ಭಕ್ತಿ ಆಮೇಲೆ ಬಂತು: ತಾಲ್ಮುಡ್‌ನ ‘ಮಕ್ಕೋಟ್’ ಸಂಪುಟದಲ್ಲಿ ರಬ್ಬಿ (ಧರ್ಮಗುರು) ಸಿಮ್ಲಾಯ್ ಯಹೂದಿ ಧರ್ಮದ 613 ಆಜ್ಞೆಗಳನ್ನು ಒಡೆದು, ‘ಮಾಡು’ ಎನ್ನುವ 248ನ್ನು ಅಂಗಗಳಿಗೆ, ‘ಮಾಡಬೇಡ’ ಎನ್ನುವ 365ನ್ನು ಸೌರವರ್ಷದ ದಿನಗಳಿಗೆ ಜೋಡಿಸಿದ. ಪ್ರತಿ ಅಂಗವೂ ‘ನನ್ನಿಂದ ಒಂದು ಆಜ್ಞೆ ನಡೆಸು’ ಎನ್ನುತ್ತದೆ ಎಂದು ಅದಕ್ಕೆ ಭಾಷ್ಯಕಾರ ರಾಶಿಯ ವಿವರಣೆ. ನೀವು ತಾಲ್ಮುಡ್‌ನದೆಂದು ಬರೆದಿರುವ “365 ನರಗಳು” ಇಲ್ಲಿಲ್ಲ. ಅದು ‘ಜೋಹರ್’ನದು, 13ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ಬೆಳಕಿಗೆ ಬಂದ ಯಹೂದಿ ಅನುಭಾವದ ಗ್ರಂಥ.

ತಾಲ್ಮುಡ್‌ನ ‘ಬೆಖೊರೋಟ್’ ಸಂಪುಟದ 45ನೇ ಹಾಳೆಯನ್ನು ನೀವು ನೋಡಿಲ್ಲ ಅನ್ನಿಸುತ್ತದೆ. ಮರಣದಂಡನೆಗೆ ಗುರಿಯಾದ ಹೆಂಗಸೊಬ್ಬಳ ಹೆಣವನ್ನು ರಬ್ಬಿ ಯಿಶ್ಮಾಏಲನ ಶಿಷ್ಯರು ಬೇಯಿಸಿ, ಬಿಡಿಸಿ ಎಣಿಸಿದರು. ಸಿಕ್ಕಿದ್ದು 252. ನೀವು ನೋಡಿದ್ದು ಹೆಣ್ಣಿನ ದೇಹವಿರಬೇಕು ಎಂದು ಗುರು ಸಮಜಾಯಿಷಿ ಕೊಟ್ಟ. ಉತ್ತರ ಒಪ್ಪಿಗೆಯಾಗುತ್ತದೋ ಇಲ್ಲವೋ, ತಾಳೆಯಾಗದ ಅಂಕಿಯನ್ನು ಅವರು ಅಳಿಸಲಿಲ್ಲ. ನೀವು 206ನ್ನು ಅಳಿಸಿದಿರಿ.

ಐದನೇ ಪುಟವನ್ನು ಪೂರ್ತಿ ಹೊಸದಾಗಿ ಬರೆಯಿರಿ, 252 ಅದರಲ್ಲಿರಲಿ. ಮೊದಲ ಪುಟದ ‘ದೇಹವೇ ದೇಗುಲ’ ತೆಗೆಯಿರಿ. ದೇಹದ ಬಗ್ಗೆ ಬರುವ ಲೇಖನಗಳಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಶುರುವಾಗುತ್ತವೆ. ನಿಮ್ಮದು ಕಕ್ಕಸಿನ ಬಾಗಿಲಿಂದ ಶುರುವಾಗಲಿ.